ಖಂಡೆ ಪೂಜೆಗೆ ಇಟ್ಟ ಕ್ಲಾಂಪು

ನನ್ನ ಮುಖ ಇರುವ ಒಂದು ವಿಡಿಯೋ ಇದೆ. ಸಿಂದಗಿಯಲ್ಲಿ ನನ್ನ ಶೆಡ್ಡಿನ ಮುಂದೆ ನಿಂತು, ಚೆಂಡುಹೂವಿನ ಸರ ಹಾಕಿದ ಒಂದು ಕಬ್ಬಿಣದ ಕ್ಲಾಂಪನ್ನು ಎತ್ತಿ ಹಿಡಿದಿದ್ದೇನೆ. ಅದರ ಬಾಯಿ ಬಿಚ್ಚಿ ಒಳಗೆ ಏನಿದೆ, ಅದು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂದು ಒಂದೊಂದಾಗಿ ತೋರಿಸುತ್ತೇನೆ. ಹಣೆಯ ಮೇಲೆ ವಿಭೂತಿ, ಮೈಮೇಲೆ ಹೊಸ ಅಂಗಿ. ಕೊನೆಗೆ ವಿಡಿಯೋ ಮಾಡುವವನು "ಇದರ ತಲಿ ಯಾರದ್ರಿ?" ಎಂದು ಕೇಳುತ್ತಾನೆ. ನಾನು ಎದೆ ಮುಟ್ಟಿಕೊಂಡು "ನಂದ" ಎನ್ನುತ್ತೇನೆ.

ಅದು ಸುಳ್ಳು. ಆ ತಲೆ ನನ್ನ ತಂಗಿಯದು. ಆ ವಿಡಿಯೋದಿಂದಾಗಿ ಆಕೆಗೆ ಸಿಗಬೇಕಾಗಿದ್ದ ಪೇಟೆಂಟು ಸಿಗಲಿಲ್ಲ. ಆದರೆ ನಾನು ಮಾಡಿದ ತಪ್ಪು ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇಷ್ಟು ಬರೆಯುವುದೇ ಕಷ್ಟ. ಆದರೂ ಬರೆಯುತ್ತೇನೆ.

ನಾನು ಬೋರಿನ ಮೋಟರು ಎತ್ತುವವನು. ಹೊಲದಲ್ಲಿ ಮೋಟರು ಸುಟ್ಟರೆ ಅದನ್ನು ಮೇಲೆ ತರಬೇಕು, ರಿಪೇರಿಯಾದ ಮೇಲೆ ಮತ್ತೆ ಇಳಿಸಬೇಕು. ಯಂಕಂಚಿಯ ಹೊಲಗಳಿಂದ ಇಂಡಿ ತಾಲೂಕಿನ ಲಿಂಬೆ ತೋಟಗಳ ತನಕ, ಈ ಕಡೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ತನಕ ನಮ್ಮ ಗಾಡಿ ಹೋಗುತ್ತದೆ. ಕಾಲುವೆ ನೀರು ಬಂದ ಮುಳವಾಡದ ಕಡೆಯಿಂದ ಮಾತ್ರ ಈಗ ಕರೆ ಕಡಿಮೆ. ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ, ಪೈಪು ಬೋಲ್ಟು ತಿರುಗಿಸುವ ಪಾನಾ, ಎರಡು ಕ್ಲಾಂಪು, ನನ್ನ ಜೊತೆ ಇಬ್ಬರು ಆಳು. ಇಷ್ಟೇ ನಮ್ಮ ದಂಧೆ.

ಈ ಕೆಲಸದಲ್ಲಿ ಎಲ್ಲವೂ ಕ್ಲಾಂಪಿನ ಮೇಲೆ ನಿಂತಿದೆ. ಬೋರಿನೊಳಗೆ ಪೈಪುಗಳು ಒಂದಕ್ಕೊಂದು ತಿರುಪಿ ಜೋಡಿಸಿರುತ್ತವೆ, ಎಲ್ಲಕ್ಕಿಂತ ಕೆಳಗೆ ಮೋಟರು. ಒಂದು ಪೈಪು ಮೇಲೆ ಬಂದ ಕೂಡಲೇ ಅದರ ಕೆಳಗಿನ ಪೈಪಿಗೆ ಕ್ಲಾಂಪು ಹಾಕಿ ಬೋರಿನ ಬಾಯಿಯ ಮೇಲೆ ಕೂರಿಸಬೇಕು. ಆಮೇಲೆ ಮೇಲಿನದನ್ನು ಬಿಚ್ಚಿ ತೆಗೆಯಬೇಕು. ಆ ಹೊತ್ತಿಗೆ ಕೆಳಗೆ ತೂಗುವ ಅಷ್ಟೂ ಭಾರ ಆ ಕ್ಲಾಂಪಿನ ಎರಡು ಬೋಲ್ಟಿನ ಮೇಲೆ. ಬೋಲ್ಟು ಬಿಗಿ ಮಾಡಿದ್ದು ಸ್ವಲ್ಪ ಕಡಿಮೆಯಾದರೆ, ಪೈಪಿಗೆ ಎಣ್ಣೆಯೋ ಪಾಚಿಯೋ ಹತ್ತಿದ್ದರೆ, ಪೈಪು ಜಾರುತ್ತದೆ. ಜಾರಿದರೆ ಮೋಟರು, ಪೈಪು, ಕೇಬಲ್ಲು ಎಲ್ಲ ಪಾತಾಳಕ್ಕೆ. ಬೋರು ಕೂಡ ಹೋದಂತೆಯೇ. ಆಗ ಕ್ಲಾಂಪಿನ ಹತ್ತಿರ ಯಾರ ಕೈ ಇರುತ್ತದೋ ಆ ಕೈಯನ್ನು ದೇವರೇ ಕಾಯಬೇಕು. ನನ್ನ ಎಡಗೈಯ ಉಂಗುರದ ಬೆರಳಿಗೆ ತುದಿ ಇಲ್ಲ. ಮುದ್ದೇಬಿಹಾಳದ ಹತ್ತಿರ ಒಂದು ಹೊಲದಲ್ಲಿ ಹೋಯಿತು.

ಆ ಬೆರಳಿನ ಪಟ್ಟಿ ಬಿಚ್ಚಿದ ದಿನ ತಂಗಿ ಮನೆಗೆ ಬಂದಿದ್ದಳು. ಆಕೆ ಡಿಪ್ಲೊಮಾ ಮುಗಿಸಿ ವಿಜಯಪುರದ ಒಂದು ಎಂಜಿನಿಯರಿಂಗ್ ಡಿಸೈನ್ ಕಂಪನಿಯಲ್ಲಿ ಡ್ರಾಯಿಂಗ್ ಮಾಡುವ ಕೆಲಸದಲ್ಲಿದ್ದಳು. ದೊಡ್ಡ ಕಂಪನಿಯೇನಲ್ಲ. ಎರಡನೆಯ ಮಹಡಿಯಲ್ಲಿ ಮೂರು ಕೋಣೆ, ಎಂಟು ಹತ್ತು ಜನ. ಬೇಳೆ ಮಿಲ್ಲಿನವರಿಗೆ ಜಾಲರಿ, ನೀರಿನ ಪೈಪಿಗೆ ವಾಲ್ವು, ಟ್ರ್ಯಾಕ್ಟರಿಗೆ ಕೊಂಡಿ, ಹಾಲಿನ ಕ್ಯಾನಿಗೆ ಸೋರದ ಮುಚ್ಚಳ, ಇಂಥವನ್ನು ಯೋಚಿಸಿ, ಚಿತ್ರ ಬರೆದು, ಪೇಟೆಂಟು ಮಾಡಿಸಿ, ತಯಾರು ಮಾಡುವ ಕಾರ್ಖಾನೆಗಳಿಗೆ ಕೊಡುವುದು ಅವರ ಕೆಲಸ. ಒಳಗೆ ಹೋಗುತ್ತಲೇ ಗೋಡೆಯ ಮೇಲೆ ಪೇಟೆಂಟಿನ ಸರ್ಟಿಫಿಕೇಟುಗಳನ್ನು ಚೌಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದಾರೆ. ಅಲ್ಲಿ ಎಷ್ಟೋ ಚಿತ್ರಗಳನ್ನು ಬರೆದವಳು ನನ್ನ ತಂಗಿ. ಆದರೆ ಯೋಚನೆ ಯಾರದೋ ಅವರ ಹೆಸರೇ ಕಂಡುಹಿಡಿದವರು ಎಂದು ಬರುತ್ತದೆ. ಚಿತ್ರ ಬರೆದವರದು ಬರುವುದಿಲ್ಲ. ಆರು ವರ್ಷ ದುಡಿದರೂ ಆ ಗೋಡೆಯ ಮೇಲೆ ಆಕೆಯ ಹೆಸರು ಇರಲಿಲ್ಲ.

ನನ್ನ ಬೆರಳನ್ನು ಹಿಡಿದು ನೋಡಿ ಆಕೆ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಕ್ಲಾಂಪ್ ತಾ, ನೋಡೂಣು" ಅಂದಳು.

ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಣ್ಣಾ, ಇದಕ್ಕ ಬುದ್ಧಿನ ಇಲ್ಲಲ್ಲೋ. ನೀ ಎಷ್ಟು ಬಿಗಿ ಮಾಡ್ತಿ ಅಷ್ಟ ಹಿಡಿತೈತಿ. ಭಾರ ಹೆಚ್ಚಾದ್ರ ಇದಕ್ಕ ಗೊತ್ತs ಆಗೂದಿಲ್ಲ" ಅಂದಳು.

"ಕಬ್ಬಣಕ್ಕ ಬುದ್ಧಿ ಎಲ್ಲಿಂದ ಬರಬೇಕ ತಂಗೆವ್ವ? ನಮಗs ಇಲ್ಲ" ಅಂದೆ.

"ನಿನಗ ಇಲ್ಲದ್ದು ಬೆರಳ ನೋಡಿದ್ರ ಗೊತ್ತಾಗತೈತಿ ಬಿಡು" ಅಂದಳು. ಅಡುಗೆ ಮನೆಯಿಂದ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು.

ಮುಂದಿನ ತಿಂಗಳು ಮನೆಗೆ ನೆಲಗಲ್ಲು ಹಾಸಲು ತಾಳಿಕೋಟೆಗೆ ಕಲ್ಲು ನೋಡಲು ಹೋದೆವು. ಆಕೆಯೂ ಬಂದಿದ್ದಳು. ಅಲ್ಲಿ ಪರಸಿ ಕಲ್ಲನ್ನು ಲಾರಿಗೆ ಏರಿಸುವಾಗ ಕತ್ತರಿಯಂಥ ಒಂದು ಕಬ್ಬಿಣದ ಕೊಂಡಿ ಹಾಕಿ ಎತ್ತುತ್ತಾರೆ. ಬೋಲ್ಟಿಲ್ಲ, ನಟ್ಟಿಲ್ಲ. ಕಲ್ಲು ಭಾರವಾದಷ್ಟೂ ಕತ್ತರಿ ಬಿಗಿಯಾಗುತ್ತದೆ, ನೆಲಕ್ಕಿಟ್ಟ ಕೂಡಲೇ ಸಡಿಲ. ತಂಗಿ ಬಿಸಿಲಲ್ಲಿ ನಿಂತು ಅದನ್ನೇ ನೋಡಿದಳು. ಕಲ್ಲಿನ ಬಣ್ಣ ಯಾವುದು ಬೇಕು ಎಂದು ಮೂರು ಸಲ ಕೇಳಿದೆ, ಉತ್ತರ ಇಲ್ಲ. ಕೊನೆಗೆ ಕಲ್ಲಿನ ಮಾಲೀಕನೇ, "ಅಕ್ಕಾರ, ಕಲ್ಲ ತಗೊಳ್ಳಾಕ ಬಂದೀರೋ, ಕತ್ತರಿ ತಗೊಳ್ಳಾಕ ಬಂದೀರೋ?" ಎಂದು ಕೇಳಿದ.

ಆ ಮಳೆಗಾಲ ಪೂರ್ತಿ ನಾವಿಬ್ಬರೂ ಅದರ ಬೆನ್ನು ಹತ್ತಿದೆವು. ಆಕೆ ಭಾನುವಾರ ಬಸ್ಸಿಗೆ ಬರುತ್ತಿದ್ದಳು, ಚೀಲದಲ್ಲಿ ಚಿತ್ರದ ಹಾಳೆ. ಶೆಡ್ಡಿನಲ್ಲಿ ನನ್ನದೊಂದು ವೆಲ್ಡಿಂಗ್ ಸೆಟ್ಟು ಇದೆ. ಆಕೆ ಹೇಳಿದ ಅಳತೆಗೆ ನಾನು ಕೊಯ್ದು ಬೆಸೆದು ಕೊಡುತ್ತಿದ್ದೆ. ಎರಡು ಹೋಳಿನ ಒಂದು ಕಬ್ಬಿಣದ ಬಳೆ, ಒಳಗೆ ಇಳಿಜಾರು, ಆ ಇಳಿಜಾರಿನಲ್ಲಿ ಜಾರುವ ಮೂರು ತುಂಡು. ಪೈಪು ಕೆಳಗೆ ಎಳೆದರೆ ಆ ತುಂಡುಗಳೂ ಜೊತೆಗೆ ಕೆಳಗೆ ಜಾರಿ ಪೈಪನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಮೊದಲನೆಯದು ಪೈಪನ್ನೇ ಸೀಳಿತು. ಎರಡನೆಯದು ಹಿಡಿದದ್ದು ಬಿಡಲೇ ಇಲ್ಲ, ಕೊಡಲಿಯ ಹಿಂಬದಿಯಿಂದ ಹೊಡೆದು ಬಿಡಿಸಬೇಕಾಯಿತು. ಮೂರನೆಯದಕ್ಕೆ ಆಕೆ ಒಳಗೆ ಹಳೆಯ ಟೈರಿನ ರಬ್ಬರು ಹಾಕಿಸಿದಳು. ಹಿಡಿತ ಬಿಡಿಸಲು ಹೊರಗೆ ಹೆಬ್ಬೆರಳಿನಷ್ಟು ಅಗಲದ ಒಂದು ನಾಲಿಗೆ ಮಾಡಿಸಿದಳು. ಭಾರ ಇರುವ ತನಕ ಆ ನಾಲಿಗೆಯನ್ನು ಯಾರು ಎಳೆದರೂ ಏಳುವುದಿಲ್ಲ. ಭಾರ ತೆಗೆದರೆ ಒಂದೇ ಬೆರಳಿಗೆ ಏಳುತ್ತದೆ. ತಪ್ಪಿ ಬಿಚ್ಚುವ ಮಾತೇ ಇಲ್ಲ.

ಯಂಕಂಚಿಯ ಒಂದು ಬೋರಿನಲ್ಲಿ ಅದನ್ನು ಹಾಕಿ ನೋಡಿದೆವು. ಹೊಲದವರನ್ನು ಬೇವಿನ ಮರದ ಕೆಳಗೆ ಕೂರಿಸಿ, ಹತ್ತಿರ ಬಿಡಲಿಲ್ಲ. ಇಪ್ಪತ್ತು ಪೈಪು, ಒಂದು ಸಲವೂ ಪಾನಾ ಮುಟ್ಟಲಿಲ್ಲ. ಕ್ಲಾಂಪು ಪೈಪನ್ನು ಹಿಡಿದಾಗ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಇಪ್ಪತ್ತು ಸಲ ಆ ಸದ್ದು ಕೇಳಿದ ಮೇಲೆ ನನ್ನ ಆಳು ನೆಲಕ್ಕೆ ಕೂತು, "ಅಕ್ಕಾರ, ಇದನ್ನ ಮದಲs ಮಾಡಿದ್ರ ನಮ್ಮ ಮಾಲಕರ ಬೆರಳ ಉಳಿತಿತ್ತ ನೋಡ್ರಿ" ಅಂದ.

ತಂಗಿಯ ಕಂಪನಿಯ ಮಾಲೀಕರು ಚಿತ್ರ ನೋಡಿ, ದೇಶ ವಿದೇಶದ ಹಳೆಯ ಪೇಟೆಂಟುಗಳನ್ನೆಲ್ಲ ಹುಡುಕಿಸಿದರು. ಭಾರಕ್ಕೆ ಬಿಗಿಯಾಗುವ ಹಿಡಿತಗಳು ಬೇರೆ ಬೇರೆ ಬಗೆಯಲ್ಲಿ ಮೊದಲೇ ಇದ್ದವಂತೆ. ಆದರೆ ಆ ನಾಲಿಗೆ ಹೊಸದು ಅಂದರು. ಅರ್ಜಿ ಕಂಪನಿಯದು, ಕಂಡುಹಿಡಿದವರು ಎಂಬಲ್ಲಿ ನನ್ನ ತಂಗಿಯ ಹೆಸರು. ಆ ಭಾನುವಾರ ಆಕೆ ಬಂದು ಚಹಾ ಕುಡಿಯುವ ಮೊದಲೇ ನನ್ನ ಮುಂದೆ ಕೂತು ಹೇಳಿದಳು:

"ಅಣ್ಣಾ, ಕಿವಿ ಕೊಟ್ಟ ಕೇಳು. ಅರ್ಜಿ ಹೋಗೂತನಕ ಇದನ್ನ ಒಬ್ಬರಿಗೂ ತೋರಸಬ್ಯಾಡ. ಫೋಟೋ ಬ್ಯಾಡ, ವಿಡಿಯೋ ಬ್ಯಾಡ. ಮೊದಲs ನಾಕ ಮಂದಿ ನೋಡಿದ್ರ ಅದು ಹೊಸಾದು ಅಂತ ಆಗೂದಿಲ್ಲ."

"ಎಷ್ಟ ದಿವಸ?"

"ದೀಪಾವಳಿ ಆದ ಮ್ಯಾಲ ಹೋಗತೈತಿ. ಅಲ್ಲೀತನಕ ಇದು ಗೋಣಿಚೀಲದಾಗ ಇರಲಿ."

"ಆತು" ಅಂದೆ. ಚೀಲದಲ್ಲಿ ಸುತ್ತಿ ವೆಲ್ಡಿಂಗ್ ಸೆಟ್ಟಿನ ಹಿಂದೆ ಇಟ್ಟೆ. ಆಕೆ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಬೇರೆ ಕಡೆ ನಾನು ಬೇರೆ ಹೇಳಿದೆ.

ದೀಪಾವಳಿಗೆ ಮೊದಲು ಮಹಾನವಮಿ ಬರುತ್ತದೆ. ನಮ್ಮ ಕಡೆ ಅಂದು ಖಂಡೆ ಪೂಜೆ. ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು, ಶೆಡ್ಡಿನ ಮುಂದೆ ಕಂಬಳಿ ಹಾಸಿ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಯುತ್ತೇವೆ. ಆ ದಿನ ಪೂಜೆಗೆ ಇಡದೆ ಬಿಟ್ಟ ಹತ್ಯಾರ ವರ್ಷದೊಳಗೆ ದುಡಿಯುವವನ ಕೈ ಕಚ್ಚುತ್ತದೆ ಎಂದು ನಮ್ಮ ದಂಧೆಯವರು ನಂಬುತ್ತಾರೆ. ನಾನೂ ನಂಬುತ್ತೇನೆ. ನನ್ನ ಬೆರಳು ಹೋಗುವುದಕ್ಕೆ ಹಿಂದಿನ ವರ್ಷ ಆ ಹಳೆಯ ಕ್ಲಾಂಪನ್ನು ಯಾರೋ ಎರವಲು ಒಯ್ದಿದ್ದರು, ಪೂಜೆಯಲ್ಲಿ ಅದು ಇರಲಿಲ್ಲ. ಹಬ್ಬದ ದಿನ ಎಲ್ಲರ ಶೆಡ್ಡಿಗೂ ಎಲ್ಲರೂ ಹೋಗುತ್ತಾರೆ. ಏನೇನು ಹೊಸದು ತಂದಿದ್ದಾರೆ ನೋಡುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ.

ಬೆಳಿಗ್ಗೆ ಗೋಣಿಚೀಲದಲ್ಲಿಯೇ ಪೂಜೆ ಮಾಡೋಣ ಎಂದುಕೊಂಡೆ. ಚೀಲದ ಮೇಲೆಯೇ ಹೂವು ಇಟ್ಟೆ. ಅಲ್ಲಿಗೆ ಬಿಟ್ಟಿದ್ದರೆ ಸಾಕಾಗಿತ್ತು. ಆದರೆ ನನ್ನ ಹಾಗೆಯೇ ಮೋಟರು ಎತ್ತುವ ಬಾಗೇವಾಡಿಯವನೊಬ್ಬ ಬಂದ. ನನಗಿಂತ ದೊಡ್ಡ ಗಾಡಿ ಇಟ್ಟವನು, ಯಾವಾಗಲೂ ನನ್ನನ್ನು ಕೆಣಕುವವನು. ಚೀಲ ನೋಡಿದ.

"ಇದೇನ್ಲೇ, ಚೀಲದಾಗ? ಹೊಸಾ ಮದಲಗಿತ್ತೇನು, ಮಾರಿ ಮುಚ್ಚಿ ಕುಂದ್ರಿಸೀದಿ?"

"ಅದೇನಿಲ್ಲ, ಹಳೇ ಸಾಮಾನ."

"ಹಳೇ ಸಾಮಾನಕ್ಕ ಇಷ್ಟ ಹೂವಾ? ತೆಗಿ ತೆಗಿ. ನಿನ್ನ ತಂಗಿ ಏನೋ ಮಾಡಿಕೊಟ್ಟಾಳಂತ ಯಂಕಂಚಿಯವರು ಅನ್ನಾಕತ್ತಿದ್ರು. ತಂಗಿ ಮಾಡಿದ್ದಕ್ಕ ಅಣ್ಣ ಪೂಜಾರಿ ಅಷ್ಟ ಏನು?"

ಸುತ್ತಲಿದ್ದವರು ನಕ್ಕರು. ಆ ನಗು ನನಗೆ ಎಲ್ಲಿಗೋ ತಾಗಿತು. ಆಕೆ ಓದಬೇಕು ಎಂದು ನಾನು ಶಾಲೆ ಬಿಟ್ಟೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವೂ ಅಲ್ಲ, ಗಣಿತ ಬಾರದೆಯೇ ಬಿಟ್ಟೆ. ಆದರೂ ಕೇಳಿ ಕೇಳಿ ನಾನೇ ನಂಬಿದ್ದೆ. ಆಕೆಯ ಫೀಸು ನನ್ನ ಕೈಯದು, ಈ ಕ್ಲಾಂಪಿನ ಬೆಸುಗೆ ನನ್ನ ಕೈಯದು, ಹೋದ ಬೆರಳು ನನ್ನದು. ಹೆಸರು ಮಾತ್ರ ಆಕೆಯದು. ಆ ಗಳಿಗೆಯಲ್ಲಿ ಇಷ್ಟೆಲ್ಲ ತಲೆಯಲ್ಲಿ ಬಂತೋ, ಆಮೇಲೆ ನಾನು ಹೊಂದಿಸಿಕೊಂಡೆನೋ ಗೊತ್ತಿಲ್ಲ. ಚೀಲ ಬಿಚ್ಚಿದ್ದಂತೂ ನನ್ನ ಕೈಯೇ.

ಬಿಚ್ಚಿ ಸುಮ್ಮನಿದ್ದರೂ ಆಗುತ್ತಿತ್ತು. ಹೊರಗಿನಿಂದ ನೋಡಿದರೆ ಅದರೊಳಗಿನ ಗುಟ್ಟು ಯಾರಿಗೂ ತಿಳಿಯುವುದಿಲ್ಲ. ನಾನು ಒಂದು ತುಂಡು ಪೈಪು ತರಿಸಿ, ಕ್ಲಾಂಪು ಹಾಕಿ, ಇಬ್ಬರನ್ನು ಜೋತುಬೀಳಿಸಿ ತೋರಿಸಿದೆ. ಬಾಯಿ ತೆರೆದು ಆ ಮೂರು ತುಂಡು, ರಬ್ಬರು, ನಾಲಿಗೆಯ ಹಿಂದಿನ ಸಣ್ಣ ಸ್ಪ್ರಿಂಗು, ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ಒಕ್ಕಲುತನದ ಸಾಮಾನು ಮಾರುವ ಅಂಗಡಿಯವನೊಬ್ಬ ಅಲ್ಲಿ ಮೊಬೈಲು ಹಿಡಿದು ನಿಂತಿದ್ದ. ರೈತರಿಗೆಂದು ವಿಡಿಯೋ ಹಾಕುವವನು. ಆತ ಹಿಡಿಯುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಕ್ಲಾಂಪನ್ನು ಆತನ ಕಡೆಗೇ ತಿರುಗಿಸಿದೆ.

ಬಾಗೇವಾಡಿಯವನು ಹೋಗುವಾಗ ನನ್ನ ಬೆನ್ನು ತಟ್ಟಿ, "ಭಾರಿ ತಲಿ ಓಡಿಸೀದಿ ಬಿಡಪಾ" ಅಂದ. ಆ ದಿನವೆಲ್ಲ ನನಗೆ ಹಬ್ಬ.

ಐದಾರು ದಿನದಲ್ಲಿ ವಿಡಿಯೋ ನನ್ನ ಮೊಬೈಲಿಗೇ ಬಂತು. ಇಂಡಿಯಿಂದ ಒಬ್ಬ, ಮುದ್ದೇಬಿಹಾಳದಿಂದ ಒಬ್ಬ, ಪರಿಚಯವೇ ಇಲ್ಲದವರು, "ಇದು ನೀವs ಏನ್ರಿ?" ಎಂದು ಫೋನು ಮಾಡಿದರು. ಆಗ ಹೆಂಡತಿಗೆ ವಿಡಿಯೋ ತೋರಿಸಿದೆ. ಹೆಂಡತಿ, "ಆಕಿಗೆ ಈಗಿಂದೀಗ ಹೇಳ್ರಿ, ಏನಾರ ದಾರಿ ಇದ್ದೀತು" ಅಂದಳು. ಹೇಳುತ್ತೇನೆ ಅಂದೆ. ಭಾನುವಾರ ತಂಗಿ ಬಂದಳು, ಉಂಡಳು, ಹೋದಳು. ನಾನು ಹೇಳಲಿಲ್ಲ. ಇಷ್ಟು ಸಣ್ಣ ಊರಿನ ವಿಡಿಯೋವನ್ನು ದೊಡ್ಡ ಆಫೀಸಿನವರು ಯಾರು ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ದೀಪಾವಳಿ ಆಯಿತು, ಅರ್ಜಿ ಹೋಯಿತು. ಆಕೆ ಪೇಢೆ ತಂದಳು. ಆ ಪೇಢೆಯನ್ನೂ ತಿಂದೆ.

ನೋಡುವವರು ನೋಡಿದರು. ಅರ್ಜಿ ಪರೀಕ್ಷೆ ಮಾಡುವ ಅಧಿಕಾರಿಯ ಪತ್ರ ಬರಲು ವರ್ಷದ ಮೇಲಾಯಿತು. ಅದರಲ್ಲಿ ಆ ವಿಡಿಯೋದ ಕೊಂಡಿ ಇತ್ತು. ಅರ್ಜಿಗಿಂತ ಮೊದಲೇ ಈ ಸಾಧನ ಬಹಿರಂಗವಾಗಿದೆ, ಆದ್ದರಿಂದ ಹೊಸದಲ್ಲ ಎಂದು ಬರೆದಿದ್ದರು. ಕಂಪನಿಯ ಮಾಲೀಕರು ನನ್ನನ್ನು ವಿಜಯಪುರಕ್ಕೆ ಕರೆಸಿದರು.

ಮೇಜಿನ ಆ ಕಡೆ ಅವರು, ಪಕ್ಕದಲ್ಲಿ ತಂಗಿ, ಈ ಕಡೆ ನಾನು. ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿದರು. ಪೂರ್ತಿ ನೋಡಬೇಕಾಯಿತು. "ಇದರ ತಲಿ ಯಾರದ್ರಿ?" "ನಂದ." ತಂಗಿ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಪೆನ್ಸಿಲಿನ ತುದಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಮಾಲೀಕರು ಕೆಟ್ಟವರಲ್ಲ. ಧ್ವನಿ ಏರಿಸಲಿಲ್ಲ. "ನೋಡ್ರಿ, ಆಗಿದ್ದು ಆಗೇತಿ. ಆವಾಗs ನೀವು ತಿಳಿಸಿದ್ರ ಮರುದಿನಾನ ಅರ್ಜಿ ಹಾಕಿ ಕಾರಣ ಬರೀತಿದ್ವಿ. ಈಗೂ ಒಂದು ದಾರಿ ಐತಿ. ನಮ್ಮ ಒಪ್ಪಿಗಿ ಇಲ್ಲದ, ತೋರಸಬ್ಯಾಡ ಅಂತ ಹೇಳಿದ ಮ್ಯಾಲೂ, ಯಾರೋ ತೋರಿಸಿದ್ದು ಅಂತಾದ್ರ ಕಾನೂನು ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ ಅಂತ ನಾವು ವಾದ ಮಾಡಬಹುದು. ಅದಕ್ಕ ನೀವು ಒಂದು ಕಾಗದದ ಮ್ಯಾಲ ಖರೆ ಬರದುಕೊಟ್ರ ಸಾಕು" ಅಂದರು. ಆಮೇಲೆ ನೇರವಾಗಿ ಕೇಳಿದರು. "ನಿಮ್ಮ ತಂಗಿ ನಿಮಗ ಯಾರಿಗೂ ತೋರಸಬ್ಯಾಡ ಅಂತ ಹೇಳಿದ್ರು, ಹೌದಲ್ರಿ?"

ಹೌದು ಎಂಬ ಒಂದೇ ಮಾತು ಬೇಕಾಗಿತ್ತು. ಮೇಜಿನ ಮೇಲೆ ಬಾಂಡ್ ಪೇಪರು ಇತ್ತು. ಅದರಲ್ಲಿ ಸಹಿ ಮಾಡಿದರೆ ನಾಳೆ ಕೇಸಾಗುತ್ತದೋ ಏನೋ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಒಡಹುಟ್ಟಿದವಳ ಮಾತು ಮೀರಿ ಆಕೆಯದನ್ನು ನನ್ನದು ಅಂದವನು ಎಂದು ನನ್ನ ಕೈಯಿಂದಲೇ ಬರೆಯಬೇಕಲ್ಲ ಎಂಬ ನಾಚಿಕೆ.

"ಇಲ್ರಿ ಸರ್. ಹಂಗೇನೂ ಹೇಳಿರಲಿಲ್ರಿ" ಅಂದೆ.

ಮಾಲೀಕರು ತಂಗಿಯನ್ನು ನೋಡಿದರು. ಆಕೆ ಪೆನ್ಸಿಲು ಕೆಳಗಿಟ್ಟಳು.

"ಅಣ್ಣ ಹೇಳೂದು ಖರೆ ಇರಬೇಕ್ರಿ ಸರ್" ಅಂದಳು. "ನಾನs ಹೇಳೂದ ಮರತಿರಬೇಕು."

ಮಾಲೀಕರು, "ಇಂಥಾದ್ದು ಮರೀತಾರೇನ್ರಿ?" ಎಂದಷ್ಟೇ ಆಕೆಗೆ ಹೇಳಿ, ಉತ್ತರ ಕೊಡಲು ಇನ್ನೂ ಕೆಲವು ತಿಂಗಳ ಗಡುವು ಇದೆ, ಯೋಚನೆ ಮಾಡಿ ಅಂದರು. ತಂಗಿ ನನ್ನ ಜೊತೆ ಬಸ್ ಸ್ಟ್ಯಾಂಡಿನ ತನಕ ಬಂದಳು. ನನಗಾಗಿ ಸೀಟು ಹಿಡಿದಳು. ಅವ್ವನ ಮಂಡಿನೋವಿನ ಎಣ್ಣೆಯ ಬಾಟಲಿ ಕೊಟ್ಟಳು. ಆ ವಿಷಯ ಎತ್ತಲಿಲ್ಲ.

ಆ ತಿಂಗಳುಗಳಲ್ಲಿ ಪ್ರತಿ ವಾರ ಫೋನು ಮಾಡಿದಳು. ಅವ್ವ ಹೇಗಿದ್ದಾಳೆ, ಬಿಸಿಲು ಎಷ್ಟಿದೆ, ಯಾವ ಕಡೆ ಕೆಲಸ. ಫೋನು ಇಡುವ ಮುಂಚೆ "ಮತ್ತೇನರೆ ಐತೇನು?" ಎಂದು ಕೇಳುತ್ತಿದ್ದಳು. "ಏನಿಲ್ಲ" ಅನ್ನುತ್ತಿದ್ದೆ. ಹೊಲದಲ್ಲಿ ಹೊಸ ಕ್ಲಾಂಪು ಹಾಕುವಾಗೆಲ್ಲ, ಟಕ್ ಎಂದಾಗೆಲ್ಲ, ಇವತ್ತು ಸಂಜೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಸಂಜೆಗೆ ಮೈ ನೋವು, ನಾಳೆ ಹೇಳಿದರಾಯಿತು. ನನ್ನ ಮೇಲೆ ನನಗೆ ಸಿಟ್ಟು ಬಂದು ಆಳುಗಳ ಮೇಲೆ ಹರಿಹಾಯುತ್ತಿದ್ದೆ. ಗಡುವು ಮುಗಿಯಿತು. ಕಂಪನಿಯವರು ಉತ್ತರ ಕೊಡಲಿಲ್ಲ, ಅರ್ಜಿ ಬಿದ್ದುಹೋಯಿತು.

ಈಗ ಆ ಕ್ಲಾಂಪನ್ನು ಯಾರು ಬೇಕಾದರೂ ಮಾಡಬಹುದು. ಮಾಡುತ್ತಿದ್ದಾರೆ. ಒಕ್ಕಲುತನದ ಅಂಗಡಿಗಳಲ್ಲಿ ನೀಲಿ ಬಣ್ಣ ಬಳಿದು ತೂಗುಹಾಕಿದ್ದಾರೆ. ನಾಲಿಗೆಯ ಹಿಂದಿನ ಸ್ಪ್ರಿಂಗು ಅಗ್ಗದ್ದು, ಆರು ತಿಂಗಳಿಗೆ ಮುರಿಯುತ್ತದೆ. ತಂಗಿ ಹಾಕಿದ ಸ್ಪ್ರಿಂಗು ಅಂಥದ್ದಲ್ಲ. ಯಾರಿಗೆ ಹೇಳಲಿ? ಇಂಡಿಯ ತೋಟವೊಂದರಲ್ಲಿ ಲಿಂಬೆ ಬಿಡಿಸುವ ಹೆಣ್ಣುಮಕ್ಕಳ ಮುಂದೆ ಒಬ್ಬ ಆ ನೀಲಿ ಕ್ಲಾಂಪನ್ನು ತೋರಿಸಿ, "ಇದನ್ನ ಕಂಡಹಿಡಿದಾವ್ರು ಇವರs ನೋಡ್ರಿ" ಎಂದು ನನ್ನ ಕಡೆ ಕೈ ಮಾಡಿದ. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆತ ಚಹಾ ತರಲು ಹೋಗಿದ್ದ.

ಹೋದ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಲ್ಲಿ ಬಸುರಿಯಾಗಿದ್ದ ನಮ್ಮ ಚಿಕ್ಕಮ್ಮನ ಮಗಳ ಕುಬಸ ಇತ್ತು. ತಂಗಿ ಬಂದಿದ್ದಳು. ಊಟವಾದ ಮೇಲೆ ಆಕೆಯ ಜೊತೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ಅದೇ ಊರಿನವಳು, ಮಾತಿಗೆ ಮಾತು ಬಂದು ಹೇಳಿದಳು: ತಂಗಿಗೆ ಈಗ ಹೊಸ ಸಾಧನಗಳ ಕೆಲಸ ಕೊಡುವುದಿಲ್ಲವಂತೆ. ಗುಟ್ಟು ಕಾಯಲಾರದವಳು ಎಂದು ಹಳೆಯ ಚಿತ್ರಗಳ ಅಳತೆ ತಿದ್ದಲು ಕೂರಿಸಿದ್ದಾರಂತೆ. ತಂಗಿ ಇದನ್ನು ನನಗೆ ಹೇಳಿಯೇ ಇರಲಿಲ್ಲ.

ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದವಳ ಹತ್ತಿರ ಹೋಗಿ, "ಅವತ್ತ ಯಾಕ ಹಂಗ ಹೇಳಿದಿ? ಮರತೆ ಅಂತ?" ಎಂದು ಕೇಳಿದೆ.

"ಮತ್ತೇನ ಹೇಳಬೇಕಿತ್ತು? ಅವರ ಮುಂದ ನನ್ನ ಅಣ್ಣ ಸುಳ್ಳ ಹೇಳ್ತಾನ ಅಂತ ಹೇಳಲೇನು?"

"ಆಮ್ಯಾಲರೆ ನನ್ನ ಕೇಳಬಹುದಿತ್ತಲ್ಲ?"

"ಕೇಳಿದ್ನಲ್ಲೋ, ಪ್ರತಿ ವಾರ" ಅಂದಳು. "ಮತ್ತೇನರೆ ಐತೇನು ಅಂತ."

ಒಳಗಿನಿಂದ ಉಡಿ ತುಂಬಲು ಕರೆದರು, ಹೋದಳು.

ಮನೆಗೆ ಬಂದು ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದೆ. ಎರಡು ದಿನ ಹಿಡಿಯಿತು. ಹೆಂಡತಿ ತಪ್ಪು ತಿದ್ದಿದಳು. ಈ ಸಲ ಯಾರಿಗೂ ಹೇಳದೆ ವಿಜಯಪುರದ ಬಸ್ಸು ಹತ್ತಿದೆ. ತಂಗಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಹಿಂದೆ ಸರಿಯುತ್ತೇನೆ ಎಂಬ ಹೆದರಿಕೆ.

ಮಾಲೀಕರು ಓದಿದರು. "ಇದು ಈಗ ಯಾತಕ್ಕೂ ಬರೂದಿಲ್ರಿ. ಫೈಲು ಮುಚ್ಚೇತಿ" ಅಂದರು.

"ಅರ್ಜಿಗಂತ ಅಲ್ರಿ ಸರ್. ಆಕಿ ನನಗ ಹೇಳಿದ್ಳು, ಸಾಪಾಗಿ ಹೇಳಿದ್ಳು. ಆಕಿದೇನೂ ತಪ್ಪಿಲ್ಲಂತ ನಿಮಗ ಗೊತ್ತಾಗಲಿ ಅಂತ ಬಂದೇನ್ರಿ."

ಅವರು ಹಾಳೆಯನ್ನು ಮಡಚಿ, ಬಾಗಿಲಿಗೆ ಹೋಗಿ ತಂಗಿಯನ್ನು ಕರೆದರು. ಆಕೆ ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ನಿಮ್ಮ ಅಣ್ಣಾರು ಬರದಾರ. ನೀವು ಅವರಿಗೆ ಹೇಳಿದ್ರಂತ" ಅಂದರು ಮಾಲೀಕರು. "ಹಂಗಾದ್ರ ಅವತ್ತು ಇದs ಕೋಣ್ಯಾಗ ಕುಂತು ನೀವು ನನಗ ಸುಳ್ಳ ಹೇಳಿದ್ರಿ?"

ಆ ಪ್ರಶ್ನೆ ಬರಬಹುದು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಎರಡು ದಿನ ಕೂತು ಬರೆಯುವಾಗಲೂ ಹೊಳೆದಿರಲಿಲ್ಲ. ತಂಗಿಯ ಮುಖ ಕೆಂಪಾಯಿತು. "ಹೌದ್ರಿ ಸರ್" ಅಂದಳು. ಒಂದು ನೆಪವನ್ನೂ ಕೊಡಲಿಲ್ಲ. ಅವರು ಹಾಳೆಯನ್ನು ಮೇಜಿನ ಖಾನೆಗೆ ಹಾಕಿದರು. "ಹೋಗ್ರಿ, ಕೆಲಸ ನೋಡ್ರಿ" ಅಂದರು.

ಮೆಟ್ಟಿಲ ಹತ್ತಿರ ಆಕೆ ನನ್ನನ್ನು ನಿಲ್ಲಿಸಿದಳು. ಧ್ವನಿ ಸಣ್ಣದಾಗಿತ್ತು, ಆದರೆ ಅಷ್ಟು ಸಿಟ್ಟನ್ನು ನಾನು ಆಕೆಯಲ್ಲಿ ಕಂಡಿರಲಿಲ್ಲ.

"ಇಲ್ಲಿಗೆ ಬರೂಕಿಂತ ಮೊದಲ ನನಗೊಂದ ಮಾತ ಕೇಳಬೇಕಿತ್ತೋ ಬ್ಯಾಡೋ?"

"ನಿನ್ನ ಸಲುವಾಗಿ ಬಂದೆ, ತಂಗೆವ್ವ."

"ನನ್ನ ಸಲುವಾಗಿ ಅಲ್ಲ. ನಿನಗ ತಡಕೊಳ್ಳಾಕ ಆಗಲಿಲ್ಲ, ಬಂದಿ. ಅವತ್ತೂ ಹಂಗs, ಚೀಲ ಬಿಚ್ಚುವಾಗ."

ಆಕೆ ಒಳಗೆ ಹೋದಳು.

ಮಾಲೀಕರು ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ನಾಲ್ಕು ತಿಂಗಳ ಮೇಲೆ ಹೊಸ ಕೆಲಸವೊಂದನ್ನು ಕೊಟ್ಟರಂತೆ. ನನ್ನ ಹಾಳೆಯಿಂದಲೋ, ಆಕೆ "ಹೌದ್ರಿ" ಅಂದಿದ್ದರಿಂದಲೋ, ಬೇರೆ ಆಳು ಇರಲಿಲ್ಲವೋ, ನನಗೆ ತಿಳಿಯದು. ಏನು ಸಾಧನ ಎಂಬುದೂ ತಿಳಿಯದು. ಹೆಂಡತಿಗೆ ಫೋನಿನಲ್ಲಿ ಹೇಳಿದ್ದಾಳೆ, ಅದರ ಬೆಸುಗೆಯ ಕೆಲಸ ಇಂಡಿಯ ಒಬ್ಬ ವೆಲ್ಡಿಂಗಿನವನಿಗೆ ಕೊಟ್ಟಿದ್ದಾಳಂತೆ. ಆತನ ಬೆಸುಗೆ ನನಗೆ ಗೊತ್ತು, ಅಷ್ಟೇನೂ ಚೆನ್ನಾಗಿಲ್ಲ. ಕಬ್ಬಿಣ ಚೆನ್ನಾಗಿ ಕಾಯುವ ಮೊದಲೇ ವೆಲ್ಡಿಂಗ್ ಕಡ್ಡಿ ಸರಿಸುತ್ತಾನೆ, ಒಳಗೆ ಟೊಳ್ಳು ಉಳಿಯುತ್ತದೆ. ಇದನ್ನು ಆಕೆಗೆ ಹೇಳಬೇಕು ಅನ್ನಿಸುತ್ತದೆ. ಫೋನು ಎತ್ತಿಕೊಳ್ಳುತ್ತೇನೆ. ಆಕೆ ಬೇಕೆಂದೇ ನನ್ನನ್ನು ಬಿಟ್ಟು ಆತನಿಗೆ ಕೊಟ್ಟಿದ್ದಾಳೆ ಎಂದು ನೆನಪಾಗಿ ಕೆಳಗಿಡುತ್ತೇನೆ.